ಗೋಝೋ ದ್ವೀಪದಲ್ಲಿ ಕ್ವಾಡ್ ಬೈಕ್ ಟೂರ್: ಅಪ್ಪನನ್ನು ಹಿಂದೆ ಕೂರಿಸಿಕೊಂಡು ಹೋಗಬಹುದಾ?

ತಿಪಟೂರು_ತಂಗಿ · ಆಗಸ್ಟ್ 24

ಎಲ್ಲರಿಗೂ ನಮಸ್ಕಾರ. ನಾವಿರೋದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. ಅಪ್ಪ ಮೂರು ತಿಂಗಳಿಗೆ ಅಂತ ಬಂದಿದಾರೆ. ಬಂದು ಐದು ವಾರ ಆಯ್ತು, ಎದುರಿಗಿರೋ ಪಾರ್ಕಿನಲ್ಲಿ ಎಷ್ಟು ಬೆಂಚಿವೆ ಅಂತ ಎಣಿಸಿ ಮುಗಿಸಿದಾರೆ. ಪಾಪ, ತೋಟ ಬಿಟ್ಟು ಬಂದವರು. ಅಕ್ಟೋಬರ್ ಮೊದಲ ವಾರ ನಾಲ್ಕು ದಿನ ಮಾಲ್ಟಾಕ್ಕೆ ಹೋಗೋಣ ಅಂತ ಟಿಕೆಟ್ ಮಾಡಿದೀವಿ. ಅವರದ್ದು ಷೆಂಗೆನ್ ವೀಸಾ, ಮಾಲ್ಟಾನೂ ಅದರಲ್ಲೇ ಬರುತ್ತೆ, ಹಾಗಾಗಿ ಆ ತಲೆಬಿಸಿ ಇಲ್ಲ.

ತಲೆಬಿಸಿ ಬೇರೆ. ನಮ್ಮನೆಯವರು ಪಕ್ಕದ ಗೋಝೋ ದ್ವೀಪದಲ್ಲಿ ಕ್ವಾಡ್ ಬೈಕ್ (ಬೈಕಿನ ತರ ಹ್ಯಾಂಡಲ್ ಇರೋ ನಾಲ್ಕು ಚಕ್ರದ ಗಾಡಿ) ಟೂರ್ ಇದೆ, ಗೈಡ್ ಜೊತೆ ಇಡೀ ದಿನ ದ್ವೀಪ ಸುತ್ತಿಸ್ತಾರೆ ಅಂತ ಅಪ್ಪನಿಗೆ ವಿಡಿಯೋ ತೋರಿಸಿಬಿಟ್ರು. ಆವತ್ತಿಂದ ಅಪ್ಪನ ಬಾಯಲ್ಲಿ ಅದೇ ಮಾತು. ವಯಸ್ಸು 63, ತೋಟದಲ್ಲಿ ಟಿವಿಎಸ್ ಎಕ್ಸೆಲ್ ಮೇಲೆ ಎರಡು ಮೂಟೆ ತೆಂಗಿನಕಾಯಿ ಹೇರ್ಕೊಂಡು ಓಡಾಡೋ ಮನುಷ್ಯ. "ಎಕ್ಸೆಲ್ ಓಡಿಸೋನಿಗೆ ನಾಲ್ಕು ಚಕ್ರದ್ದೇನು ಮಹಾ" ಅಂತಾರೆ. ಆದ್ರೆ ಲೈಸೆನ್ಸ್ ಇರೋದು ಬೈಕಿಂದು ಮಾತ್ರ, ಕಾರಿಂದು ಮಾಡಿಸೇ ಇಲ್ಲ. ನಾನು ಕಾರು ಕಲಿತಿದ್ದು ಇಲ್ಲಿಗೆ ಬಂದಮೇಲೆ, ಅದೂ ಬಲಗಡೆ ಓಡಿಸೋದು. ಮಾಲ್ಟಾದಲ್ಲಿ ಎಡಗಡೆಯಂತೆ. ಯಾರಾದ್ರೂ ಹೋಗಿಬಂದಿದ್ರೆ ಹೇಳಿ. ಮೊಣಕಾಲು ನೋವಿರೋರನ್ನ ಕೂರಿಸಬಹುದಾ? ಊಟ ಏನು ಸಿಗುತ್ತೆ? ನಾವು ಸಸ್ಯಾಹಾರಿಗಳು, ಮೊಟ್ಟೆ ಪರವಾಗಿಲ್ಲ.

ಉಡುಪಿ_ಸಿಸ್ಟರ್ · ಆಗಸ್ಟ್ 24

ನಾನು ಮಾಲ್ಟಾದಲ್ಲೇ ಇರುವುದು ಮಾರಾಯ್ರೆ, ಆರು ವರ್ಷ ಆಯ್ತು, ಆಸ್ಪತ್ರೆ ಕೆಲಸ. ಗೋಝೋಗೆ ರಜೆ ಸಿಕ್ಕಿದಾಗೆಲ್ಲ ಹೋಗ್ತೇನೆ.

ಮೊದಲು ಲೈಸೆನ್ಸಿನ ವಿಷಯ. ಇಲ್ಲಿ ಕ್ವಾಡ್ ಓಡಿಸಲಿಕ್ಕೆ ಕಾರಿನ ಲೈಸೆನ್ಸ್ ಬೇಕು. ಬೈಕಿನದ್ದು ತೋರಿಸಿದರೆ ಹಿಂದೆ ಕೂರಿ ಅಂತಾರೆ, ಅಷ್ಟೆ. ಊರಿನಿಂದ ನೇರ ಬರುವವರಾದರೆ ಕಾರಿನ ಲೈಸೆನ್ಸಿನ ಜೊತೆಗೆ ಆರ್‌ಟಿಓದಲ್ಲಿ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿಕೊಂಡೇ ಬನ್ನಿ. ಒಂದು ವರ್ಷಕ್ಕೆ ನಡೀತದೆ. ಇಲ್ಲಿಗೆ ಬಂದಮೇಲೆ ಕೌಂಟರಿನಲ್ಲಿ ವಾದ ಮಾಡ್ಲಿಕ್ಕೆ ಆಗುವುದಿಲ್ಲ. ನಿಮಗೆ ಜರ್ಮನ್ ಲೈಸೆನ್ಸ್ ಉಂಟಲ್ಲ, ಅದು ಧಾರಾಳ ಸಾಕು.

ಅಂದರೆ ನೀವು ಓಡಿಸುವುದು, ಅಪ್ಪ ಹಿಂದೆ. ಅವರಿಗೆ ಈಗಲೇ ಹೇಳಿಬಿಡಿ. ಅಲ್ಲಿ ಹೋಗಿ ಮುಖ ಊದಿಸಿಕೊಳ್ಳುವುದು ಬೇಡ.

ಎಡಗಡೆ ಓಡಿಸುವುದಕ್ಕೆ ಹೆದರಬೇಡಿ. 1964ರ ತನಕ ಬ್ರಿಟಿಷರ ಕೈಯಲ್ಲಿದ್ದ ದೇಶ, ರಸ್ತೆ ನಿಯಮ ನಮ್ಮೂರಿನದ್ದೇ. ಎಡಗಡೆ ರೂಢಿ ಇರುವವರು ನಿಮ್ಮ ಬೆನ್ನ ಹಿಂದೆಯೇ ಕೂತಿರ್ತಾರಲ್ಲ.

ಬಸವನಗುಡಿ_ರೈಡರ್ · ಆಗಸ್ಟ್ 25

ಕಳೆದ ವರ್ಷ ಮೇನಲ್ಲಿ ನಾವು ನಾಲ್ಕು ಜನ ಹೋಗಿದ್ವಿ. ಟೂರ್ ಸೂಪರ್. ನನ್ನ ಕಥೆ ಮಾತ್ರ ಸೂಪರ್ ಅಲ್ಲ, ಆದ್ರೂ ಹೇಳ್ತೀನಿ, ನಿಮಗಾದ್ರೂ ಉಪಯೋಗ ಆಗ್ಲಿ.

ನಾನು ಹದಿನೈದು ವರ್ಷದಿಂದ ಬೈಕ್ ಓಡಿಸ್ತಿದೀನಿ. ಕೂರ್ಗ್‌ನಲ್ಲಿ ಎಟಿವಿ ಅಂತ ಇದೇ ತರದ ಗಾಡೀಲಿ ಹತ್ತು ನಿಮಿಷದ ರೌಂಡ್ ಹೊಡೆದಿದ್ದೆ, ಅದನ್ನೇ ದೊಡ್ಡ ಅನುಭವ ಅಂದ್ಕೊಂಡಿದ್ದೆ. ಬೆಳಿಗ್ಗೆ ಗೈಡ್ ಹತ್ತು ನಿಮಿಷ ಹೇಳಿಕೊಟ್ಟ: ಆಕ್ಸಿಲರೇಟರ್ ಬಲಗೈ ಹೆಬ್ಬೆರಳಲ್ಲಿ ಒತ್ತೋ ಲಿವರ್, ಹಿಡಿ ತಿರುಗಿಸೋದಲ್ಲ, ಗೇರ್ ಇಲ್ಲ, ಗಾಡಿ ಓಡ್ತಿರುವಾಗ ಯಾವ ಕಾರಣಕ್ಕೂ ಕಾಲು ಕೆಳಗಿಡಬೇಡಿ. ನಾನು ಫೋಟೋ ತೆಗೀತಾ ಕೇಳಿಸ್ಕೊಂಡೆ.

ಶ್ಲೆಂಡಿ ಕಡೆ ಒಂದು ಮಣ್ಣು ದಾರಿ, ಇಳಿಜಾರಿನ ತಿರುವು. ಗಾಡಿ ನಾನು ಅಂದ್ಕೊಂಡಷ್ಟು ತಿರುಗಲೇ ಇಲ್ಲ. ಗಾಬರಿಯಲ್ಲಿ ಹ್ಯಾಂಡಲ್ ಬಿಗಿಯಾಗಿ ಹಿಡ್ಕೊಂಡೆ. ಬಿಗಿಯಾಗಿ ಹಿಡ್ಕೊಂಡ್ರೆ ಹೆಬ್ಬೆರಳು ಏನು ಮಾಡುತ್ತೆ ಹೇಳಿ? ಆಕ್ಸಿಲರೇಟರ್ ಒತ್ತುತ್ತೆ! ಜೊತೆಗೆ ಅಭ್ಯಾಸಬಲದಿಂದ ಎಡಗಾಲು ಕೆಳಗಿಟ್ಟೆ. ಹಿಂದಿನ ಚಕ್ರ ಪಾದ ಸವರ್ಕೊಂಡು ಹೋಯ್ತು, ಮುಂದಿನದು ಕಲ್ಲಿನ ಗೋಡೆಗೆ ಗುದ್ದಿ ನಿಂತ್ಕೊಂಡ್ತು. ಶೂ ಹಾಕಿದ್ದಕ್ಕೆ ಬಚಾವ್, ಎರಡು ವಾರ ಕುಂಟಿದ್ದಷ್ಟೇ. ಗೋಡೆಯಿಂದ ಆರೇಳು ಕಲ್ಲು ಉರುಳಿತ್ತು. ಗೈಡ್ ನನ್ನ ಕಾಲು ನೋಡಿದ, ಆಮೇಲೆ ಏನೂ ಮಾತಾಡದೆ ಆ ಕಲ್ಲುಗಳನ್ನ ಒಂದೊಂದಾಗಿ ವಾಪಸ್ ಜೋಡಿಸೋಕೆ ಶುರು ಮಾಡಿದ. ಬೈದಿದ್ರೂ ಅಷ್ಟು ನಾಚಿಕೆ ಆಗ್ತಿರ್ಲಿಲ್ಲ.

ಡೆಪಾಸಿಟ್ ಅಂತ ಕಾರ್ಡಲ್ಲಿ ಹಿಡಿದಿಟ್ಟಿದ್ದ ದುಡ್ಡಲ್ಲಿ ಬಂಪರ್ ರಿಪೇರಿಗೆ ಮುರ್ಕೊಂಡ್ರು, ಅದು ನ್ಯಾಯ. ಆದ್ರೆ ಬಲಗಡೆ ಮಡ್‌ಗಾರ್ಡ್ ಮೇಲಿದ್ದ ಹಳೇ ಗೀರಿಗೂ ನನ್ನ ಹತ್ರಾನೇ ದುಡ್ಡು ಕಿತ್ರು. ಹೊರಡೋ ಮುಂಚೆ ಗಾಡಿಯ ನಾಲ್ಕೂ ಕಡೆ ವಿಡಿಯೋ ತೆಗೆದಿಟ್ಕೊಳ್ಳಿ. ಟ್ರಾವೆಲ್ ಇನ್ಶೂರೆನ್ಸ್ ಕಾಗದವನ್ನೂ ಓದಿ. ನನ್ನದ್ರಲ್ಲಿ ಕ್ವಾಡ್ ಬೈಕನ್ನ ಹೊರಗಿಟ್ಟಿದ್ರು, ಅದು ಗೊತ್ತಾಗಿದ್ದು ಕುಂಟೋವಾಗ.

ಟ್ರ್ಯಾಕ್ಟರ್_ಗದಗ · ಆಗಸ್ಟ್ 25

ನೋಡ್ರಿ, ನಾ ಮಾಲ್ಟಾನೂ ಕಂಡಾವಲ್ಲ, ಗೋಝೋನೂ ಕಂಡಾವಲ್ಲ. ಆದ್ರ ಗಾಡಿ ಮಾತು ಬಂತಂದ್ರ ಸುಮ್ನ ಕುಂದ್ರೂದು ಆಗೂದಿಲ್ಲ.

ರೈಡರ್ ಸಾಹೇಬ್ರ, ನಿಮ್ಮ ಗಾಡಿ ಯಾಕ ತಿರುಗಲಿಲ್ಲ ಗೊತ್ತೇನ್ರಿ? ಕಾರಿಗೆ ಡಿಫರೆನ್ಷಿಯಲ್ ಇರ್ತೈತಿ, ಅದು ಎರಡೂ ಗಾಲಿ ಬ್ಯಾರೆ ಬ್ಯಾರೆ ವೇಗದಾಗ ತಿರಗಾಕ ಬಿಡತೈತಿ. ತಿರುವಿನ್ಯಾಗ ಹೊರಗಿನ ಗಾಲಿ ಹೆಚ್ಚು ಉರುಳತೈತಿ, ಒಳಗಿಂದು ಕಡಿಮಿ. ಭಾಳಷ್ಟು ಕ್ವಾಡಿನ್ಯಾಗ ಹಿಂದಿನ ಎರಡೂ ಗಾಲಿ ಒಂದ ಆಕ್ಸಲ್ಲಿಗೆ ಬಿಗದಿರ್ತಾವು, ಎರಡೂ ಒಂದ ಸಮ ತಿರಗಬೇಕು. ಟ್ರ್ಯಾಕ್ಟರಿಗೆ ಡಿಫ್ ಲಾಕ್ ಹಾಕಿ, ಅಂದ್ರ ಎರಡೂ ಗಾಲಿ ಕೂಡಿಸಿ ಬಿಗದು, ಡಾಂಬರ ರಸ್ತಾದಾಗ ತಿರುವಿ ನೋಡ್ರಿ, ಅದು ಸೀದಾ ಸೀದಾನ ಹೊಂಟಿರ್ತೈತಿ. ಇದೂ ಅದ ಕತಿ.

ಅದಕ್ಕ ಮೈ ಒಳಗಿನ ಬಾಜು ವಾಲಿಸಬೇಕು. ಬೈಕಿನಂಗ ಗಾಡೀನ ವಾಲತೈತಿ ಅಂತ ಕುಂತ್ರ ಆಗೂದಿಲ್ಲ, ಅದು ವಾಲೂದಿಲ್ಲ, ನೀವ ವಾಲಬೇಕು. ಹಿಂದ ಕುಂತಾರೂ ಅದ ಬಾಜು ವಾಲಬೇಕು. ಏರು ಏರುವಾಗ ಮುಂದ ಬಾಗಬೇಕು, ಇಳಿಯುವಾಗ ಹಿಂದ ಸರೀಬೇಕು. ಟಯರಿನ್ಯಾಗ ಗಾಳಿ ಕಡಿಮಿ ಹಾಕಿರ್ತಾರ, ಮೆತ್ತಗ ಇರ್ತೈತಿ. ಮಣ್ಣಿನ್ಯಾಗ ಚಲೋ ಹಿಡೀತೈತಿ, ರಸ್ತಾದ ಮ್ಯಾಲ ಜೋರು ಹೋದ್ರ ತೇಲಿದಂಗ ಆಕ್ಕೈತಿ.

ತಂಗೀ, ನಿಮ್ಮ ಅಪ್ಪಾರಿಗೆ ಇಷ್ಟ ಹೇಳವಾ: ಎಕ್ಸೆಲ್ ಓಡಿಸಿದ್ದೆಲ್ಲಾ ಮರತು ಕುಂದ್ರ್ರಿ ಅಂತ. ಏನೂ ಓಡಿಸದಾವ ಇದನ್ನ ಲಗೂನ ಕಲೀತಾನ, ಬೈಕಿನಾವನ ತಪ್ಪು ಮಾಡ್ತಾನ.

ಕಾಲ್ನಡಿಗೆ · ಆಗಸ್ಟ್ 26

ಬೇಜಾರು ಮಾಡ್ಕೋಬೇಡಿ, ಒಂದು ವಿರುದ್ಧ ಮಾತು. ಗೋಝೋ ಇರೋದೇ 67 ಚದರ ಕಿಲೋಮೀಟರ್. ಉದ್ದ ಸುಮಾರು 14, ಅಗಲ 7. ನಾನು ಅಲ್ಲಿ ಮೂರು ದಿನ ನಡೆದೇ ಸುತ್ತಿದೀನಿ. ತಾ ಚೆಂಚ್ ಬಂಡೆಗಳ ಮೇಲೆ ಕೂತು ಸಮುದ್ರ ನೋಡ್ತಿದ್ರೆ ಹನ್ನೆರಡು ಕ್ವಾಡ್‌ಗಳ ಮೆರವಣಿಗೆ ಬಂತು. ಧೂಳು ಇಳಿಯೋಕೆ ಐದು ನಿಮಿಷ, ಸದ್ದು ಕಿವಿಯಿಂದ ಹೋಗೋಕೆ ಇನ್ನೂ ಐದು. ಅಲ್ಲಿನ ಕಲ್ಲುಬಂಡೆ ಮೇಲೆ ಬೆರಳುದ್ದದ ಥೈಮ್ ಗಿಡ ಬೆಳೆಯುತ್ತೆ, ಚಕ್ರ ಹತ್ತಿದ್ರೆ ಮುಗೀತು. ಬಸ್ಸಿದೆ, ಹೆಚ್ಚಿನ ಬಸ್ಸೆಲ್ಲ ಅಲ್ಲಿನ ಮುಖ್ಯ ಪಟ್ಟಣ ವಿಕ್ಟೋರಿಯಾಕ್ಕೆ ಬರುತ್ತೆ, ಅಲ್ಲಿಂದ ಎಲ್ಲಿಗೆ ಬೇಕಾದ್ರೂ ಹೋಗಬಹುದು. ಸಮಾಧಾನವಾಗಿ ನೋಡಬೇಕಾದ ಊರನ್ನ ಯಾಕೆ ಹೀಗೆ ನೋಡ್ತೀರಿ?

ಬಸವನಗುಡಿ_ರೈಡರ್ · ಆಗಸ್ಟ್ 26

ಸರ್, ಮೊಣಕಾಲು ನೋವಿರೋ ತಂದೆಯನ್ನ ತಾ ಚೆಂಚ್ ಬಂಡೆ ಮೇಲೆ ನಡೆಸ್ಕೊಂಡು ಹೋಗಿ ಅಂತೀರಾ?

ಉಡುಪಿ_ಸಿಸ್ಟರ್ · ಆಗಸ್ಟ್ 26

ಜಗಳ ಬೇಡ. ಕಾಲ್ನಡಿಗೆಯವರು ಹೇಳುವುದರಲ್ಲಿ ಸತ್ಯ ಉಂಟು. ಇಲ್ಲಿನ ಹಳ್ಳಿಯವರಿಗೂ ಈ ಸದ್ದು ಕಂಡರೆ ಆಗುವುದಿಲ್ಲ. ಮಧ್ಯಾಹ್ನ ಊರಿಗೆ ಊರೇ ಮಲಗಿರ್ತದೆ, ಆಗ ಎಂಜಿನ್ ಸದ್ದು ಮಾಡಿಕೊಂಡು ಹೋದರೆ ಯಾರಿಗೆ ಸಿಟ್ಟು ಬರುವುದಿಲ್ಲ? ಅದಕ್ಕೇ ಸ್ವಂತ ಬಾಡಿಗೆಗೆ ತಗೊಂಡು ಕಂಡಕಂಡಲ್ಲಿ ನುಗ್ಗುವುದಕ್ಕಿಂತ ಗೈಡ್ ಇರುವ ಟೂರೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಯಾವ ದಾರಿಯಲ್ಲಿ ಹೋಗಬಹುದು, ಯಾವುದು ಒಬ್ಬರ ಹೊಲದ ದಾರಿ ಅಂತ ಅವನಿಗೆ ಗೊತ್ತಿರ್ತದೆ. ರೈಡರ್ ಗುದ್ದಿದ ಆ ಗೋಡೆಗೆ ಗಾರೆಯೇ ಇಲ್ಲ, ಕಲ್ಲಿನ ಮೇಲೆ ಕಲ್ಲು ಕೂರಿಸಿದ್ದು. ಮಣ್ಣು ಕೊಚ್ಚಿಹೋಗದ ಹಾಗೆ ಹಿಡಿಯುವುದೇ ಅದು. ಅದನ್ನು ಕೆಡವಬಾರದು ಅಂತ 1997ರಲ್ಲೇ ಕಾನೂನು ಮಾಡಿದ್ದಾರೆ.

ತಂಗಿ ಕೇಳಿದ್ದಕ್ಕೆ ಉತ್ತರ. ಮೊಣಕಾಲು ತೀರಾ ಮಡಚಬೇಕಾಗುವುದಿಲ್ಲ, ಆದರೆ ಇಡೀ ದಿನ ಕುಲುಕಾಟ. ಸೊಂಟ ನೋವು ಇದ್ದರೆ ಬೇಡವೇ ಬೇಡ. ಮಾತ್ರೆ, ನೀರು ಹತ್ತಿರ ಇಟ್ಟುಕೊಳ್ಳಿ. ಚಪ್ಪಲಿ ಖಂಡಿತ ಬೇಡ. ಸುಣ್ಣದ ಕಲ್ಲಿನ ಬಿಳಿ ಧೂಳು ಏಳ್ತದೆ, ಮೂಗಿಗೆ ಕಟ್ಟಿಕೊಳ್ಳಲಿಕ್ಕೆ ಒಂದು ಬೈರಾಸು ಇರಲಿ.

ಇನ್ನೊಂದು ಮುಖ್ಯ. ಸಾಲಾಗಿ ಹೋಗುವಾಗ ಗೈಡಿನ ಹಿಂದೆಯೇ ನಿಮ್ಮ ಗಾಡಿ ಇರಲಿ. ಮುಂದಿನವ ಸ್ವಲ್ಪ ನಿಧಾನ ಮಾಡಿ ಮತ್ತೆ ಹೊರಟರೆ, ಹಿಂದಿಂದ ಹಿಂದಿನವರಿಗೆ ಅಂತರ ಬೆಳೆಯುತ್ತಾ ಹೋಗ್ತದೆ. ಕೊನೆಯವ ಯಾವಾಗಲೂ ಓಡಿಸಿಕೊಂಡು ಬಂದು ಸೇರಬೇಕು, ಬೀಳುವುದೂ ಅವನೇ. ಹೊಸಬರು ಅಂತ ಗೈಡಿಗೆ ಮೊದಲೇ ಹೇಳಿ, ಮುಂದೆಯೇ ಹಾಕ್ತಾನೆ.

ಊಟಕ್ಕೆ ಫ್ತೀರಾ ಕೊಡ್ತಾರೆ, ದಪ್ಪ ರೊಟ್ಟಿಯ ಹಾಗೆ. ಒಳಗೆ ಟೊಮೆಟೊ, ಆಲಿವ್, ಕೇಪರ್ ಎನ್ನುವ ಹುಳಿ ಮೊಗ್ಗು ಇರ್ತದೆ. ಕೇಳದಿದ್ದರೆ ಟ್ಯೂನಾ ಮೀನು ಹಾಕಿಬಿಡ್ತಾರೆ, ಮೊದಲೇ ಬರೆದು ತಿಳಿಸಿ. ಮೀನಿನ ಬದಲು ಜ್‌ಬೇನಾ ಕೇಳಿ, ಕುರಿ ಹಾಲಿನ ಪುಟ್ಟ ಚೀಸಿನ ಬಿಲ್ಲೆ.

ಹೊಸಬ_88 · ಆಗಸ್ಟ್ 27

ದೋಣಿ ಟಿಕೆಟ್ ಬೇರೆ ತಗೋಬೇಕಾ? ಒಟ್ಟು ಎಷ್ಟಾಗುತ್ತೆ?

ಉಡುಪಿ_ಸಿಸ್ಟರ್ · ಆಗಸ್ಟ್ 27

ಕೆಲವು ಟೂರಿನವರು ತಮ್ಮದೇ ಸ್ಪೀಡ್ ಬೋಟಿನಲ್ಲಿ ಕರೆದುಕೊಂಡು ಹೋಗಿ, ವಾಪಸ್ ಬರುವಾಗ ನಡುವಿನ ಕೊಮಿನೋ ದ್ವೀಪದ ಬ್ಲೂ ಲಗೂನ್ ತೋರಿಸ್ತಾರೆ. ಇಲ್ಲದಿದ್ದರೆ ಮಾಲ್ಟಾದ ಚಿರ್ಕೆವ್ವಾ ಬಂದರಿನಿಂದ ದೊಡ್ಡ ಫೆರಿ ಉಂಟು, ಇಪ್ಪತ್ತೈದು ನಿಮಿಷ. ತಮಾಷೆ ಏನೆಂದರೆ ಹೋಗುವಾಗ ಯಾರೂ ಟಿಕೆಟ್ ಕೇಳುವುದಿಲ್ಲ. ವಾಪಸ್ ಬರುವಾಗ ಗೋಝೋದ ಇಮ್‌ಜಾರ್ ಬಂದರಿನಲ್ಲಿ ಎರಡೂ ಸೇರಿಸಿ 4.65 ಯೂರೋ. ಗೋಝೋದಲ್ಲೇ ಉಳಿದುಬಿಟ್ಟರೆ ಪುಕ್ಕಟೆ! ಟೂರಿಗೆ ಒಂದು ಗಾಡಿಯಲ್ಲಿ ಇಬ್ಬರಾದರೆ ತಲಾ 80–90 ಯೂರೋ ಇಟ್ಟುಕೊಳ್ಳಿ, ಊಟ ಸೇರಿ. ಗಾಳಿ ಜೋರಿದ್ದರೆ ಸಣ್ಣ ಬೋಟು ಬಿಡುವುದಿಲ್ಲ, ಆದ್ದರಿಂದ ಕೊನೆಯ ದಿನಕ್ಕೆ ಬುಕ್ ಮಾಡಬೇಡಿ.

ತಿಪಟೂರು_ತಂಗಿ · ಅಕ್ಟೋಬರ್ 9

ಹೋಗಿ ಬಂದ್ವಿ! ಸಿಸ್ಟರ್ ಅಕ್ಕ, ಗದಗಿನ ಅಣ್ಣ, ನಿಮಗಿಬ್ಬರಿಗೂ ಅಪ್ಪನ ಕಡೆಯಿಂದ ವಿಶೇಷ ನಮಸ್ಕಾರ. ಸ್ವಲ್ಪ ಉದ್ದ ಬರೀತೀನಿ, ಓದ್ಕೊಳ್ಳಿ.

ಮೊದಲ ದಿನ ಗಾಳಿ, ಟೂರ್ ರದ್ದು. ಮಾರನೇ ದಿನಕ್ಕೆ ಹಾಕಿಕೊಟ್ರು. ಆರು ಗಾಡಿ, ಮುಂದೊಬ್ಬ ಗೈಡ್, ಹಿಂದೊಬ್ಬ. ಅಕ್ಕ ಹೇಳಿದ ಹಾಗೇ ಮುಂದಿನ ಗೈಡಿಗೆ ಅಂಟಿಕೊಂಡೆ. ನಮ್ಮನೆಯವರು ಒಬ್ಬರೇ ಇನ್ನೊಂದು ಗಾಡೀಲಿ. ಅಪ್ಪ ಹೆಲ್ಮೆಟ್ ಹಾಕ್ಕೊಂಡು ಹಿಂದೆ ಕೂತವರು ಮೊದಲು ಹೇಳಿದ್ದೇ "ಹಾರ್ನ್ ಎಲ್ಲಿ?" ಅಂತ.

ಬಂದರು ದಾಟಿ ಮೊದಲ ವೃತ್ತಕ್ಕೆ ಬಂದ್ವಿ. ನನ್ನ ಕೈ ತಾನಾಗೇ ಬಲಕ್ಕೆ ಎಳೀತು. ಬೆನ್ನಿಗೆ ಗುದ್ದು ಬಿತ್ತು. "ಎಡಕ್ಕೆ! ಎಡಕ್ಕೆ! ಬಲಕ್ಕೆ ಯಾವೂರಿಗೆ ಹೋಗ್ತೀಯಾ?" ಅಲ್ಲಿಂದ ಮುಂದೆ ದಿನವಿಡೀ ಅಪ್ಪನೇ ಇಂಡಿಕೇಟರ್. ಎಡ ಅಂದ್ರೆ ಎಡಭುಜಕ್ಕೆ ತಟ್ಟೋರು, ಬಲ ಅಂದ್ರೆ ಬಲಕ್ಕೆ. ತಿರುವಿನಲ್ಲಿ ಗದಗಿನ ಅಣ್ಣನ ಪಾಠ ಎಷ್ಟು ಚೆನ್ನಾಗಿ ಪಾಲಿಸಿದ್ರು ಅಂದ್ರೆ, ನನಗಿಂತ ಮುಂಚೆ ಅವರೇ ವಾಲಿ ಕೂತಿರೋರು.

ರಾಮ್ಲಾ ಬೀಚ್ ಕಡೆ ಇಳಿದು ಮತ್ತೆ ಏರೋ ದಾರಿ ಕಡಿದಾಗಿದೆ. ಅಲ್ಲಿನ ಮರಳು ನಿಜವಾಗ್ಲೂ ಕೆಂಪು, ನಮ್ಮ ಕಡೆ ಜಂಬಿಟ್ಟಿಗೆ ಪುಡಿ ಮಾಡಿದ ಹಾಗೆ. ಏರು ಹತ್ತೋವಾಗ ನಾನು ಅರ್ಧದಲ್ಲಿ ಹೆದರಿ ನಿಲ್ಲಿಸಿದೆ. ಮುಂದಿದ್ದ ಗೈಡ್ ತಿರುಗಿ ನೋಡಿ "ಮೆಲಾ, ಮೆಲಾ!" ಅಂದ. ಅಪ್ಪ ತಕ್ಷಣ "ಮೇಲೆ ಹೋಗು ಅಂತಿದಾನೆ, ಹೋಗಮ್ಮ" ಅಂದ್ರು. ನಾನೂ ಹೋದೆ! ಮೇಲೆ ಹತ್ತಿದ ಮೇಲೆ ಗೊತ್ತಾಯ್ತು, ಮೆಲಾ ಅನ್ನೋದು ಮಾಲ್ಟಾದವರ ಮಾತು. "ಸರಿ ಹಾಗಾದ್ರೆ", "ಮತ್ತಿನ್ನೇನು", "ಹೌದಲ್ವಾ", ಎಲ್ಲಕ್ಕೂ ಅದೇ. ಅವರ ಭಾಷೆ ಮೂಲದಲ್ಲಿ ಅರಬ್ಬಿ ಕಡೆಯದಂತೆ, ಬರೆಯೋದು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ.

ಇನ್ನೊಂದು ಮಾತಿಂದ ಸ್ವಲ್ಪ ರಾದ್ಧಾಂತ ಆಯ್ತು. ಮಾರ್ಸಲ್‌ಫೋರ್ನ್ ದಾಟಿ ಶ್ವೇನಿ ಅನ್ನೋ ಕಡೆ ಉಪ್ಪಿನ ಪಾತಿಗಳಿವೆ. ಸಮುದ್ರದಂಚಿನ ಬಂಡೆಯಲ್ಲೇ ಕೊರೆದ ನೂರಾರು ಚೌಕ, ದೂರದಿಂದ ರಂಗೋಲಿ ಹಾಕಿದ ಹಾಗೆ. ಅಪ್ಪ ಇಳಿದು ಸೀದಾ ಪಾತಿಯ ಬದುವಿನ ಮೇಲೆ ಕಾಲಿಡೋಕೆ ಹೋದ್ರು. ಗೈಡ್ ಹಿಂದಿನಿಂದ ಜೋರಾಗಿ "ಲೇ! ಲೇ!" ಅಂತ ಕೂಗಿದ. ಅಪ್ಪ ಅಲ್ಲೇ ನಿಂತ್ರು. ಹೆಲ್ಮೆಟ್ ತೆಗೆದ್ರು. ಮುಖ ಕೆಂಪಗಾಗಿತ್ತು. "ಯಾರಿಗೋ ಲೇ ಅಂತೀಯ? ನಿನ್ನ ತಂದೆ ವಯಸ್ಸು ನಂದು!" ಅಂತ ಕನ್ನಡದಲ್ಲೇ ಶುರು ಹಚ್ಕೊಂಡ್ರು. ನಾನು ನಡುವೆ ಓಡಿದೆ. ಮಾಲ್ಟಾ ಭಾಷೆಯಲ್ಲಿ "ಲೇ" ಅಂದ್ರೆ "ಬೇಡ, ಇಲ್ಲ" ಅಂತ! ಗೈಡಿಗೆ ನಮ್ಮ "ಲೇ" ಅರ್ಥ ಹೇಳಿದ್ಮೇಲೆ ಅವನು ಪಾತಿಯ ಪಕ್ಕ ಕೂತು ಹೊಟ್ಟೆ ಹಿಡ್ಕೊಂಡು ನಕ್ಕ. ಆಮೇಲೆ ದಿನವಿಡೀ ಅಪ್ಪನಿಗೆ "ನೋ, ಸರ್" ಅಂತಿದ್ದ.

ಉಪ್ಪು ತೆಗೆಯೋದು ಬೇಸಿಗೇಲಿ ಮಾತ್ರ, ನಾವು ಹೋದಾಗ ಪಾತಿಗಳು ಖಾಲಿ. ಪೊಟ್ಟಣ ಮಾರ್ತಿದ್ರು, ಅಪ್ಪ ಮೂರು ತಗೊಂಡ್ರು.

ಅಲ್ಲಿಂದ ಹೊಲಗಳ ನಡುವಿನ ದಾರಿ. ಕಲ್ಲುಗೋಡೆ, ಅದರ ಪಕ್ಕ ಸಾಲುಸಾಲು ಪಾಪಾಸುಕಳ್ಳಿ. ಅಪ್ಪನಿಗೆ ಒಂದು ಕ್ಷಣ ತುರುವೇಕೆರೆ ರಸ್ತೇಲಿ ಇದೀನಾ ಅನ್ನಿಸ್ತಂತೆ. ಹಣ್ಣು ಕೆಂಪಗೆ ಬಿಟ್ಟಿದ್ವು. ಅಲ್ಲಿ ಅದನ್ನ ಸಿಪ್ಪೆ ತೆಗೆದು ಮಾರ್ತಾರೆ, ಅದರಿಂದ ಮದ್ಯಾನೂ ಮಾಡ್ತಾರೆ. "ನಾವು ಬೇಲಿಗೆ ಹಾಕಿ ಬಿಡ್ತೀವಿ, ಇವರು ಬಾಟ್ಲಿಗೆ ತುಂಬ್ತಾರೆ" ಅಂತ ಅಪ್ಪನ ಲೆಕ್ಕಾಚಾರ.

ತಾ ಪಿನು ಚರ್ಚಿನಲ್ಲಿ ಹರಕೆ ಒಪ್ಪಿಸಿದ ಸಾಮಾನು ಗೋಡೆ ತುಂಬ ಇದೆ. ಊರುಗೋಲು, ಮಕ್ಕಳ ಬಟ್ಟೆ, ಕೈಕಾಲಿಗೆ ಹಾಕಿದ್ದ ಪ್ಲಾಸ್ಟರ್. 1883ರಲ್ಲಿ ಒಬ್ಬ ರೈತ ಹೆಂಗಸಿಗೆ ಅಲ್ಲಿದ್ದ ಹಳೇ ಗುಡಿಯಿಂದ ದನಿ ಕೇಳಿಸಿತಂತೆ, ಅಲ್ಲಿಂದ ಶುರುವಾದ ನಂಬಿಕೆ. ಪ್ಲಾಸ್ಟರ್ ನೋಡಿ ನನಗೆ ಬಸವನಗುಡಿ ರೈಡರ್ ನೆನಪಾದ್ರು, ಕ್ಷಮಿಸಿ.

ಕೊನೆಗೆ ದ್ವೇರಾ. ಅಲ್ಲಿ ಸಮುದ್ರದ ಮೇಲೆ ಕಲ್ಲಿನ ದೊಡ್ಡ ಕಮಾನು ಇತ್ತಂತೆ, ಆಝೂರ್ ವಿಂಡೋ ಅಂತ. 2017ರ ಮಾರ್ಚ್ 8ರಂದು ಬಿರುಗಾಳಿಗೆ ಪೂರ್ತಿ ಕುಸಿದುಬಿತ್ತು. ಗೈಡ್ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಖಾಲಿ ಆಕಾಶ ತೋರಿಸಿದ, ಕೈಯಲ್ಲಿ ಹಳೇ ಫೋಟೋ ಹಿಡ್ಕೊಂಡು. ನಮ್ಮನೆಯವರು "ಇಲ್ಲದ್ದನ್ನ ನೋಡೋಕೆ ಇಷ್ಟು ದೂರ ಬಂದ್ವಾ" ಅಂದ್ರು. ಅಪ್ಪ ಮಾತ್ರ ಫೋಟೋ ಇಸ್ಕೊಂಡು, ಒಂದು ಕಣ್ಣು ಮುಚ್ಚಿ, ಕಮಾನು ಎಲ್ಲಿಂದ ಎಲ್ಲಿಗೆ ಇದ್ದಿರಬಹುದು ಅಂತ ಬೆರಳಲ್ಲಿ ಅಳತೆ ಹಾಕ್ತಾ ಹತ್ತು ನಿಮಿಷ ನಿಂತಿದ್ರು.

ಕಾಲ್ನಡಿಗೆ ಸರ್, ನಿಮ್ಮ ಮಾತು ತಲೇಲಿತ್ತು. ಸನಾಪ್ ಬಂಡೆಗಳ ಹತ್ತಿರ ಇಬ್ಬರು ನಡ್ಕೊಂಡು ಬರ್ತಿದ್ರು, ನಾನು ಪೂರ್ತಿ ನಿಧಾನ ಮಾಡಿದೆ. ಆದ್ರೂ ಅವರು ಕರವಸ್ತ್ರ ಮೂಗಿಗೆ ಹಿಡ್ಕೊಂಡು ನಮ್ಮನ್ನ ನೋಡಿದ ನೋಟ ಇದೆಯಲ್ಲ, ಅದು ನಿಮ್ಮದೇ ಇರಬೇಕು. ಇನ್ನೊಂದು ಸಲ ಹೋದ್ರೆ ಬಸ್ಸಲ್ಲೇ ಹೋಗ್ತೀನಿ. ಈ ಸಲ ಮಾತ್ರ ಪಶ್ಚಾತ್ತಾಪ ಇಲ್ಲ.

ನೋವು? ಅಪ್ಪನ ಮೊಣಕಾಲಿಗೆ ಏನೂ ಆಗ್ಲಿಲ್ಲ. ನನ್ನ ಬಲಗೈ ಹೆಬ್ಬೆರಳು ಮೂರು ದಿನ ಮಡಚೋಕೆ ಆಗ್ಲಿಲ್ಲ. ಇದನ್ನ ನಿಮ್ಮಲ್ಲಿ ಯಾರೂ ಹೇಳಿರ್ಲಿಲ್ಲ!

ಕುಮಟಾ_ಭಟ್ರು · ಅಕ್ಟೋಬರ್ 10

ಉಪ್ಪಿನ ಪಾತಿ ಓದಿ ಖುಷಿಯಾಯಿತು. ನಮ್ಮಲ್ಲಿ ಗೋಕರ್ಣದ ಹತ್ತಿರ ಸಾಣಿಕಟ್ಟೆಯಲ್ಲಿ ಆಗರ ಇದೆ, ಆದರೆ ಅದು ಮಣ್ಣಿನ ಗದ್ದೆ, ಉಪ್ಪಿಗೆ ಸ್ವಲ್ಪ ಮಣ್ಣಿನ ಬಣ್ಣ. ಬಂಡೆಯಲ್ಲಿ ಕೊರೆದದ್ದಾದರೆ ಬೆಳ್ಳಗೆ ಇರಬೇಕಲ್ಲ? ಮಾವಿನಮಿಡಿ ಉಪ್ಪಿನಕಾಯಿಗೆ ನಡೆಯುತ್ತದೋ ನೋಡಿ ಹೇಳಿ.

ಟ್ರ್ಯಾಕ್ಟರ್_ಗದಗ · ಅಕ್ಟೋಬರ್ 10

ಹೆಬ್ಬೆಟ್ಟಿಂದು ಹೇಳೂದು ಮರತಿದ್ದೆ ತಂಗೀ, ತಪ್ಪಾತು. ನಡುನಡುವ ಬೊಟ್ಟು ಬದಲಿ ಮಾಡಬೇಕಾಗಿತ್ತು, ಅಂಗೈ ಅಂಚಿಲೆ ಒತ್ತಬೇಕಾಗಿತ್ತು.

ತಿಪಟೂರು_ತಂಗಿ · ಅಕ್ಟೋಬರ್ 18

ಭಟ್ರೆ, ಬೆಳ್ಳಗೇ ಇದೆ, ಹರಳು ಸ್ವಲ್ಪ ದಪ್ಪ. ಉಪ್ಪಿನಕಾಯಿಗೆ ಹಾಕಿ ನೋಡೋಕೆ ಮಿಡಿ ಕಾಲ ಬರೋವರೆಗೂ ಕಾಯಬೇಕು. ಅಪ್ಪ ಮೊನ್ನೆ ಊರಿಗೆ ಹೋದ್ರು, ಪೊಟ್ಟಣ ಮೂರೂ ಅವರ ಹತ್ರಾನೇ ಇವೆ. ನಿನ್ನೆ ಫೋನ್ ಮಾಡಿದಾಗ ತೋಟದಲ್ಲಿದ್ರು. ಹಿಂದೆ ಅಮ್ಮನ ದನಿ ಕೇಳ್ತಿತ್ತು, ಎಕ್ಸೆಲ್ ಮೇಲೆ ಮೂಟೆ ಸರಿಯಾಗಿ ಕಟ್ಟಿಲ್ಲ ಅಂತ ಬೈತಿದ್ರು. ಅಪ್ಪ "ಮೆಲಾ, ಮೆಲಾ" ಅಂದ್ರು. ಅಮ್ಮ "ಮೇಲೆ ಅಲ್ಲಾರೀ, ಕೆಳಗಿನ ಹಗ್ಗ" ಅಂದ್ರು.